ಪಂಪುಸೆಟ್ಟುಗಳೂ ಫ್ಯೂಸು ತಂತಿಯೂ: ಜಮೀನುದಾರರು ತಿಳಿಯತಕ್ಕ ಕೆಲವು ಸಂಗತಿಗಳು

ವ್ಯವಸಾಯದ ಇನ್‌ಸ್ಪೆಕ್ಟರನಾದವನು ಗೊಬ್ಬರ, ಬಿತ್ತನೆಬೀಜ, ಪೈರಿನ ರೋಗ ಮೊದಲಾದವುಗಳನ್ನು ಬಿಟ್ಟು ವಿದ್ಯುಚ್ಛಕ್ತಿಯನ್ನು ಕುರಿತು ಬರೆಯಹೊರಟರೆ ವಾಚಕ ಮಹಾಶಯರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಾನು ವಿದ್ಯುತ್ ಇಂಜಿನಿಯರನಲ್ಲ. ಆದರೆ ಕಪಿಲೆ ಏತಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಹಗ್ಗ, ಬಾನಿ, ಎತ್ತುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವುದು ಹೇಗೆ ಬೇಸಾಯದ ಒಂದು ಅಂಗವೇ ಆಗಿದ್ದಿತೋ, ಹಾಗೆಯೇ ಈಗ ಮೋಟಾರು, ಸ್ಟಾರ್ಟರು, ಫ್ಯೂಸುಗಳ ವಿಚಾರವೂ ಬೇಸಾಯದೊಳಗೆ ಸೇರಿಹೋಗಿದೆ. ೧೯೦೨ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುಚ್ಛಕ್ತಿಯು ಮೊದಲು ಹೋಗಿ ಸೇರಿದ್ದು ಕೋಲಾರದ ಚಿನ್ನದ ಗಣಿಗಳಿಗೆ. ಅಲ್ಲಿ ಅದನ್ನು ನೋಡಿಕೊಳ್ಳುವುದಕ್ಕೆ ಇಂಜಿನಿಯರುಗಳಿದ್ದರು. ಹೊಲಗದ್ದೆಗಳಿಗೆ ಬಂದಿರುವ ಅದೇ ಶಕ್ತಿಯನ್ನು ನೋಡಿಕೊಳ್ಳತಕ್ಕವರು ರೈತರೇ.

ಈ ಲೇಖನಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ. ಒಂದು ಬೇಸಗೆಯಲ್ಲಿ ನನ್ನ ಸರಹದ್ದಿನ ಒಂದು ಗ್ರಾಮದಿಂದ, “ಹಿಪ್ಪುನೇರಳೆ ತೋಟಗಳಿಗೆ ರೋಗ ತಗಲಿದೆ, ಎಲೆಯೆಲ್ಲ ಬಾಡುತ್ತಿದೆ, ಕೂಡಲೇ ಬಂದು ನೋಡಬೇಕು” ಎಂದು ಹೇಳಿಕಳುಹಿಸಿದರು. ಬೇರುಕೊಳೆ ರೋಗವಿರಬಹುದೆಂದು ಊಹಿಸಿಕೊಂಡೇ ಹೋದೆನು. ನಾಲ್ಕಾರು ಗಿಡಗಳನ್ನು ಬುಡಸಹಿತ ಕಿತ್ತು ನೋಡಿದರೆ ಬೇರು ಚೊಕ್ಕಟವಾಗಿತ್ತು. ಎಲೆಯಲ್ಲಿ ಹುಳುವಿನ ಗುರುತೂ ಇರಲಿಲ್ಲ. ಮಣ್ಣನ್ನು ಒಂದು ಮೊಳ ಅಗೆಸಿದಾಗ ತೇವವೇ ಕಾಣಲಿಲ್ಲ. ರೋಗವೆಂದರೆ ನೀರಿಲ್ಲದ ರೋಗ. ಕೊಳವೆ ಬಾವಿಗಳಲ್ಲಿ ನೀರಿಗೇನೂ ಕೊರತೆಯಿರಲಿಲ್ಲ. ಏಳು ಪಂಪುಗಳಿಗೆ ಶಕ್ತಿಯನ್ನು ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರು, ನಮ್ಮ ರೈತರು ಟಿ.ಸಿ. ಎಂದು ಕರೆಯತಕ್ಕದ್ದು, ಸುಟ್ಟು ಹನ್ನೊಂದು ದಿವಸಗಳಾಗಿದ್ದವು. ಒಂದು ಮನೆಯಲ್ಲಿ ಇನ್ನೂರು ಮೊಟ್ಟೆಯ ಹುಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ರೇಷ್ಮೆಹುಳುವು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದು ನಾಲ್ಕನೆಯ ಜ್ವರವಾದ ಮೇಲೆಯೇ ಎಂಬುದನ್ನು ಹುಳು ಸಾಕುವವರಿಗೆ ಹೇಳಬೇಕಾದುದಿಲ್ಲ. ಹೊರಗಿನಿಂದ ಕೊಂಡು ತಂದ ಸೊಪ್ಪು ಎರಡು ದಿನಕ್ಕೂ ಸಾಲದೆ, ಆ ಮನೆಯವರು ಹುಳುಗಳನ್ನು ತಟ್ಟೆಸಮೇತ ತಂದು ತಿಪ್ಪೆಗೆ ಸುರಿದುದನ್ನು ನಾನೇ ನೋಡಿದೆನು. ಮನೆಯ ಯಜಮಾನಿತಿಯು ಆ ದಿನ ಅಂಗಳಕ್ಕೆ ಬರಲೇ ಇಲ್ಲ.

ಟಿ.ಸಿ.ಯ ಕಂಬದ ಬಳಿಗೆ ಹೋದೆವು. ಫ್ಯೂಸು ಪೆಟ್ಟಿಗೆಯ ಬಾಗಿಲು ಇಲ್ಲ. ಒಳಗೆ ಪಿಂಗಾಣಿಯ ಹಿಡಿಗಳೂ ಇಲ್ಲ. ಅವುಗಳಿರಬೇಕಾದ ಸ್ಥಳದಲ್ಲಿ, ಕಂಬದ ಸಾಲಿನಿಂದ ಬಿಚ್ಚಿದ ಅಲ್ಯೂಮಿನಿಯಂ ತಂತಿಯ ಎಳೆಗಳನ್ನು ಎರಡೆರಡಾಗಿ ಹೊಸೆದು ಕೊಂಡಿ ಹಾಕಿದ್ದರು. ನಾನು ಅದನ್ನು ತೋರಿಸಿ ವಿಚಾರಿಸಲು, ಊರಿನ ಹಿರಿಯರೊಬ್ಬರು, “ಸಣ್ಣ ತಂತಿ ಹಾಕಿದರೆ ದಿನಕ್ಕೆ ಮೂರು ಸಲ ಸುಡುತ್ತಿತ್ತು ಸ್ವಾಮಿ. ಇದನ್ನು ಹಾಕಿದ ಮೇಲೆ ಒಂದು ಸಲವಾದರೂ ಸುಡಲಿಲ್ಲ” ಎಂದರು. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿತು. ಅವರು ಹೇಳಿದುದು ನಿಜವೇ. ಕೊಂಡಿಯು ಸುಡಲಿಲ್ಲ, ಅದಕ್ಕೆ ಬದಲಾಗಿ ಟಿ.ಸಿ.ಯು ಸುಟ್ಟಿತು.

ಫ್ಯೂಸು ಎಂದರೇನೆಂಬುದನ್ನು ಇಲ್ಲಿ ವಿವರಿಸುವುದು ಉಚಿತವಾಗಿದೆ. ತಂತಿಯಲ್ಲಿ ವಿದ್ಯುತ್ಪ್ರವಾಹವು ಹರಿಯುವಾಗ ಶಾಖವುಂಟಾಗುವುದು. ಈ ಶಾಖವು ಪ್ರವಾಹದ ವರ್ಗವನ್ನನುಸರಿಸಿ ಹೆಚ್ಚುವುದು. ಎಂದರೆ ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಆದಕಾರಣ ಪ್ರವಾಹವು ಮಿತಿಮೀರಿದಾಗ ದಾರಿಯಲ್ಲಿ ಎಲ್ಲಿಯಾದರೂ ಒಂದು ಕಡೆ ಸುಟ್ಟೇ ತೀರಬೇಕು. ಅದು ಮೋಟಾರಿನ ಸುರುಳಿಯಲ್ಲಿ ಸುಡುವುದಕ್ಕಿಂತ, ಕೆಲವು ಪೈಸೆ ಬೆಲೆಯ ಒಂದು ಗೇಣು ತಂತಿಯಲ್ಲಿ, ನಾವು ಗೊತ್ತುಮಾಡಿದ ಸ್ಥಳದಲ್ಲಿ ಸುಡಲಿ ಎಂಬುದೇ ಫ್ಯೂಸಿನ ತತ್ತ್ವ. ಉಳುವಾಗ ನೇಗಿಲು ಬೇರಿಗೆ ಸಿಕ್ಕಿಕೊಂಡರೆ ಮಿಣಿಯು ಹರಿಯುವುದು. ಮಿಣಿ ಹರಿದುದರಿಂದಲೇ ನೊಗವೂ ಎತ್ತಿನ ಹೆಗಲೂ ಉಳಿಯುವುವು. ಮಿಣಿಗೆ ಬದಲಾಗಿ ಕಬ್ಬಿಣದ ಸರಪಣಿ ಕಟ್ಟಿದವನನ್ನು ನಾವು ಯಾರೂ ಜಾಣನೆನ್ನುವುದಿಲ್ಲ. ಈ ಯುಕ್ತಿಯು ಹೊಸದೇನೂ ಅಲ್ಲ. ೧೮೪೭ರಲ್ಲಿಯೇ ಫ್ರಾನ್ಸ್ ದೇಶದ ಬ್ರೆಗೆ ಎಂಬವರು ಸಿಡಿಲಿನಿಂದ ತಂತಿಕಚೇರಿಗಳನ್ನು ಕಾಪಾಡುವುದಕ್ಕೆ ಸಾಲಿನಲ್ಲಿ ಒಂದು ತುಂಡು ಸಣ್ಣ ತಂತಿಯನ್ನು ಸೇರಿಸಬೇಕೆಂದು ಸೂಚಿಸಿದ್ದರು.

ಯಾವ ದಪ್ಪದ ತಂತಿಯು ಎಷ್ಟು ಪ್ರವಾಹಕ್ಕೆ ಕರಗುವುದೆಂಬುದಕ್ಕೆ ಪ್ರೀಸ್ ಎಂಬ ಬ್ರಿಟಿಷ್ ಇಂಜಿನಿಯರು ೧೮೮೪ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಅದರ ಪ್ರಕಾರ ಅರ್ಧ ಮಿಲ್ಲಿಮೀಟರ್ ದಪ್ಪದ ತಾಮ್ರದ ತಂತಿಯು ಸುಮಾರು ೨೮ ಆಂಪಿಯರಿಗೆ ಕರಗುವುದು. ಇದನ್ನೇ ಅಂಗಡಿಗಳಲ್ಲಿ ೧೫ ಆಂಪಿಯರಿನ ಫ್ಯೂಸು ತಂತಿಯೆಂದು ಮಾರುವರು. ಹದಿನೈದು ಆಂಪಿಯರನ್ನು ಸದಾಕಾಲವೂ ಹೊರಬಲ್ಲುದು, ಕರಗುವುದಕ್ಕೆ ಸುಮಾರು ಅದರ ಎರಡರಷ್ಟು ಬೇಕು ಎಂದರ್ಥ. ಮನೆಯ ದೀಪಗಳ ಸಾಲಿಗೆ ಹಾಕುವ ೫ ಆಂಪಿಯರಿನ ತಂತಿಯ ದಪ್ಪವು ೦.೨ ಮಿಲ್ಲಿಮೀಟರ್, ೩೦ ಆಂಪಿಯರಿನದು ೦.೮೫ ಮಿಲ್ಲಿಮೀಟರ್. ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ತಂತಿಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದು ತಡೆಯುವ ಪ್ರವಾಹವು ಎರಡರಷ್ಟಲ್ಲ, ಹೆಚ್ಚುಕಡಮೆ ಮೂರರಷ್ಟಾಗುವುದು. ಕಣ್ಣಿಗೆ “ಸ್ವಲ್ಪ ದಪ್ಪ” ಎಂದು ಕಾಣುವ ತಂತಿಯು ಕೆಲಸದಲ್ಲಿ ಬಹಳ ದಪ್ಪವೇ ಸರಿ. ಆ ಗ್ರಾಮದಲ್ಲಿ ಹಾಕಿದ್ದ ಅಲ್ಯೂಮಿನಿಯಂ ಎಳೆಯು ಸುಮಾರು ಎರಡೂವರೆ ಮಿಲ್ಲಿಮೀಟರ್ ದಪ್ಪವಿದ್ದಿತು. ಅಂತಹ ಒಂದೇ ಎಳೆಯು ಕರಗಬೇಕಾದರೆ ಇನ್ನೂರಕ್ಕೂ ಮಿಕ್ಕಿದ ಆಂಪಿಯರುಗಳು ಬೇಕು. ಅವರು ಹಾಕಿದ್ದುದು ಎರಡೆಳೆ.

ಈಗ ಲೆಕ್ಕವನ್ನು ನೋಡೋಣ. ಅಲ್ಲಿದ್ದುದು ೨೫ ಕೆ.ವಿ.ಎ. ಟಿ.ಸಿ. ಅದರ ಕೆಳಸಾಲಿನಲ್ಲಿ ಪ್ರತಿ ಫೇಸಿನಲ್ಲಿಯೂ ಹರಿಯಬಹುದಾದ ಪ್ರವಾಹವು ಸುಮಾರು ೩೩ ಆಂಪಿಯರ್. ಐದು ಅಶ್ವಶಕ್ತಿಯ ಮೋಟಾರು ಪೂರ್ಣ ಕೆಲಸದಲ್ಲಿ ಸುಮಾರು ಏಳೂವರೆ ಆಂಪಿಯರನ್ನು ತೆಗೆದುಕೊಳ್ಳುವುದು. ನಾಲ್ಕು ಮೋಟಾರಿಗೆ ೩೦ ಆಂಪಿಯರ್, ಅಲ್ಲಿಗೆ ಟಿ.ಸಿ.ಯ ಶಕ್ತಿಯು ಮುಗಿಯಿತು. ಅದಕ್ಕೆ ಏಳು ಮೋಟಾರುಗಳನ್ನು ಸೇರಿಸಿದ್ದರು. ಪ್ರವಾಹವು ೫೨ ಆಂಪಿಯರಿಗೂ ಮೇಲಾಯಿತು. ಸುರುಳಿಗಳಲ್ಲಿ ಹುಟ್ಟುವ ಶಾಖವು ಇರಬೇಕಾದುದರ ಎರಡೂವರೆಯಷ್ಟಾಯಿತು. ಇಷ್ಟಕ್ಕೇ ನಿಲ್ಲಲಿಲ್ಲ. ಮೋಟಾರು ಹೊರಡುವಾಗ ಕೆಲವು ಸೆಕೆಂಡುಗಳ ಕಾಲ ಪೂರ್ಣ ಪ್ರವಾಹದ ಆರರಷ್ಟನ್ನು ಎಳೆಯುವುದು. ಏಳು ಮನೆಯವರೂ ಕರೆಂಟು ಬಂದೊಡನೆ ತಾನಾಗಿಯೇ ಹೊರಡತಕ್ಕ ಆಟೋ ಸ್ಟಾರ್ಟರುಗಳನ್ನು ಹಾಕಿಸಿದ್ದರು. ರಾತ್ರಿ ಯಾವ ಹೊತ್ತಿಗೆ ಕರೆಂಟು ಬರುವುದೋ ತಿಳಿಯದೆ ತೋಟದಲ್ಲಿ ಕಾದು ಮಲಗುವ ರೈತನ ಕಷ್ಟವನ್ನು ನಾನು ಬಲ್ಲೆನು. ಆಟೋ ಸ್ಟಾರ್ಟರು ಹಾಕಿದವನನ್ನು ಸುಮ್ಮನೆ ದೂಷಿಸಲಾರೆನು. ಆದರೆ ಏಳೂ ಮೋಟಾರುಗಳು ಒಂದೇ ಕ್ಷಣದಲ್ಲಿ ಹೊರಟರೆ ಬೇಕಾಗುವುದು ೩೧೫ ಆಂಪಿಯರ್, ಟಿ.ಸಿ.ಯ ಶಕ್ತಿಯ ಒಂಬತ್ತು ಹತ್ತರಷ್ಟು. ಆಗ ವೋಲ್ಟೇಜು ಕುಸಿಯುವುದು. ವೋಲ್ಟೇಜು ಕುಸಿದುದರಿಂದ ಮೋಟಾರುಗಳು ವೇಗಕ್ಕೆ ಬರಲಾರದೆ ಹೊರಡುವ ಪ್ರವಾಹವನ್ನೇ ಇನ್ನಷ್ಟು ಹೊತ್ತು ಎಳೆಯುತ್ತಿರುವುವು. ದಿನಕ್ಕೆ ಮೂರು ಸಲ ಸುಡುತ್ತಿದ್ದ ಸಣ್ಣ ತಂತಿಯು ಈ ಸಂಗತಿಯನ್ನೇ ದಿನಕ್ಕೆ ಮೂರು ಸಲ ಹೇಳುತ್ತಿದ್ದಿತು.

ಹಾಗಾದರೆ ಸರಿಯಾದ ಫ್ಯೂಸನ್ನು ಹಾಕಿದ ಮಾತ್ರಕ್ಕೆ ಮೋಟಾರು ಕ್ಷೇಮವೇ ಎಂದರೆ, ಅಲ್ಲ. ಈ ವಿಷಯದಲ್ಲಿ ಬಹಳ ತಿಳಿದ ಜಮೀನುದಾರರೂ ತಪ್ಪುವುದನ್ನು ಕಂಡಿದ್ದೇನೆ. ಹೊರಡುವಾಗಿನ ಹೆಚ್ಚಿನ ಪ್ರವಾಹಕ್ಕೆ ಕರಗದಂತಹ ಫ್ಯೂಸನ್ನು ಹಾಕಲೇಬೇಕಾದುದರಿಂದ, ಐದು ಅಶ್ವಶಕ್ತಿಯ ಮೋಟಾರಿಗೆ ೧೫ ಅಥವಾ ೨೦ ಆಂಪಿಯರಿನ ತಂತಿಯನ್ನು ಹಾಕುವುದುಂಟು. ಅದು ೨೮ ಆಂಪಿಯರು ಅಥವಾ ಅದಕ್ಕೂ ಮೇಲೆ ಏರಿದರಲ್ಲದೆ ಕರಗದು. ಮೋಟಾರಾದರೋ ೧೨ ಅಥವಾ ೧೩ ಆಂಪಿಯರಿನಲ್ಲಿಯೇ ಒಳಗೊಳಗೆ ಬೆಂದುಹೋಗುವುದು. ತಂತಿಗಳು ಒಂದಕ್ಕೊಂದು ತಗಲಿ ನೂರಾರು ಆಂಪಿಯರು ನುಗ್ಗಿದಾಗ ಸಾಲನ್ನು ಕಾಪಾಡುವುದು ಫ್ಯೂಸಿನ ಕೆಲಸ. ಮೋಟಾರನ್ನು ನಿಧಾನವಾದ ಅತಿಭಾರದಿಂದ ಕಾಪಾಡುವುದು ಸ್ಟಾರ್ಟರಿನೊಳಗಿರುವ ಓವರ್‌ಲೋಡ್ ರಿಲೇಯ ಕೆಲಸ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು.

ಈ ರಿಲೇಯಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಗಳಿರುವುವು. ಕಾದಾಗ ಒಂದು ಲೋಹವು ಹೆಚ್ಚಾಗಿಯೂ ಇನ್ನೊಂದು ಕಡಮೆಯಾಗಿಯೂ ಹಿಗ್ಗುವುದರಿಂದ ಪಟ್ಟಿಯು ಬಾಗುವುದು, ಬಾಗಿ ಒಂದು ಕೀಲನ್ನು ತಳ್ಳುವುದು, ಮೋಟಾರು ನಿಲ್ಲುವುದು. ಹೊರಡುವಾಗಿನ ಕ್ಷಣಕಾಲದ ಪ್ರವಾಹಕ್ಕೆ ಪಟ್ಟಿಯು ಸಾಕಷ್ಟು ಕಾಯದು. ನಿಮಿಷಗಟ್ಟಲೆ ನಿಲ್ಲುವ ಅತಿಭಾರಕ್ಕೆ ಕಾಯುವುದು. ಇದರ ಮೇಲಿರುವ ಸಣ್ಣ ಚಕ್ರವನ್ನು ಮೋಟಾರಿನ ಹೆಸರುತಗಡಿನಲ್ಲಿ ಬರೆದಿರುವ ಆಂಪಿಯರಿಗೆ ಸರಿಯಾಗಿ ತಿರುಗಿಸಿಡಬೇಕು. ದೊಡ್ಡ ಮೋಟಾರುಗಳಿಗೆ ಹಾಕುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯು ಸುರುಳಿಗಳ ದಾರಿಯಲ್ಲಿದ್ದರೆ ಆ ಅಂಕಿಯ ೦.೫೮ ಭಾಗಕ್ಕೆ ಇಡಬೇಕು. ತಗಡಿನಲ್ಲಿ ೧೫ ಎಂದಿದ್ದರೆ ರಿಲೇಯಲ್ಲಿ ೮.೭. ನಾನು ಸುತ್ತಾಡಿ ನೋಡಿದ ಪಂಪುಮನೆಗಳಲ್ಲಿ ಈ ಚಕ್ರವನ್ನು ಕೊನೆಯ ಅಂಕಿಗೆ ತಿರುಗಿಸಿಟ್ಟಿರುವುದೇ ಹೆಚ್ಚು. ಒಂದೆಡೆ ಸ್ಟಾರ್ಟರಿನ ಕಾಂಟ್ಯಾಕ್ಟರು ಬಿಡದಂತೆ ಅದಕ್ಕೆ ಬಿದಿರಿನ ಚಕ್ಕೆಯನ್ನು ಸಿಕ್ಕಿಸಿದ್ದರು. ಕಾವಲುಗಾರನ ಕೈಕಾಲು ಕಟ್ಟಿ ಬಾಗಿಲಲ್ಲಿ ಕುಳ್ಳಿರಿಸಿದ ಹಾಗಾಯಿತು.

ಮೂರು ಫೇಸುಗಳಲ್ಲಿ ಒಂದು ತಪ್ಪಿಹೋದಾಗ ಆಗತಕ್ಕ ಹಾನಿಯು ಎಲ್ಲಕ್ಕಿಂತ ದೊಡ್ಡದು. ಓಡುತ್ತಿರುವ ಮೋಟಾರು ಒಡನೆ ನಿಲ್ಲದು. ಉಳಿದ ಎರಡು ಸಾಲುಗಳಿಂದ ಒಂದೂಮುಕ್ಕಾಲರಷ್ಟು ಅಥವಾ ಇನ್ನೂ ಹೆಚ್ಚು ಪ್ರವಾಹವನ್ನು ಎಳೆದುಕೊಂಡು ನರಳುತ್ತಾ ಓಡುವುದು. ಏಳೂವರೆ ಇದ್ದುದು ಹದಿಮೂರಾಗುವುದು. ಹದಿಮೂರಕ್ಕೆ ಫ್ಯೂಸು ಕರಗುವುದಿಲ್ಲವೆಂದು ಮೇಲೆ ಹೇಳಿದೆ. ನಿಂತ ಮೋಟಾರನ್ನು ಎರಡು ಫೇಸಿನಲ್ಲಿ ಹೊರಡಿಸಹೋದರೆ ಅದು ತಿರುಗದೆ ಗುಂಯ್ಗುಟ್ಟುವುದು. ಕೆಲವು ನಿಮಿಷಗಳಲ್ಲಿ ಅರಗಿನ ವಾಸನೆ ಬರುವುದು. ಸಬ್‌ಮರ್ಸಿಬಲ್ ಪಂಪಾದರೆ ಆ ವಾಸನೆಯೂ ಬಾರದು, ಶಬ್ದವೂ ಕೇಳಿಸದು; ಮುನ್ನೂರು ಅಡಿ ಕೆಳಗೆ ಏನಾಯಿತೆಂದು ತಿಳಿಯುವುದು ಪೈಪುಗಳನ್ನು ಮೇಲೆತ್ತಿದ ದಿನವೇ. ಒಂದು ಫೇಸು ತಪ್ಪುವುದಕ್ಕೆ ಕಂಬದ ಸಾಲೇ ಕಾರಣವಾಗಬೇಕೆಂದಿಲ್ಲ. ನಮ್ಮ ಫ್ಯೂಸೇ ಕಾರಣವಾಗಬಹುದು. ಮೂರು ಫ್ಯೂಸುಗಳಲ್ಲಿ ಒಂದರ ತಂತಿಯು ಹಳೆಯದಾಗಿ, ಕಿಲುಬು ಹಿಡಿದು ಸವೆದಿದ್ದರೆ, ಅದೊಂದೇ ಸುಟ್ಟು ಮೋಟಾರನ್ನು ಎರಡು ಫೇಸಿಗೆ ತಳ್ಳುವುದು. ಆದುದರಿಂದ ಒಂದು ಸುಟ್ಟಾಗ ಮೂರನ್ನೂ ಒಂದೇ ದಪ್ಪದ ಹೊಸ ತಂತಿಯಿಂದ ಕಟ್ಟಬೇಕು; ಸುಡದೆ ಇದ್ದರೂ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಫೇಸು ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಸಲಕರಣೆಯನ್ನು ಸ್ಟಾರ್ಟರಿಗೆ ಸೇರಿಸಿಕೊಳ್ಳುವುದು ಸಬ್‌ಮರ್ಸಿಬಲ್ ಇಟ್ಟವರಿಗೆ ಅತ್ಯವಶ್ಯಕ. ಎರಡೇ ಫೇಸು ಬರುವ ಹೊತ್ತಿನಲ್ಲಿ ಕೆಪಾಸಿಟರು ಹಾಕಿ ಮೂರು ಫೇಸಿನ ಮೋಟಾರನ್ನು ಓಡಿಸುವ ರೂಢಿಯೊಂದಿದೆ. ಇದರಿಂದ ಸುರುಳಿಗಳಲ್ಲಿ ಪ್ರವಾಹವು ಸಮವಾಗಿ ಹಂಚಿಕೆಯಾಗದೆ ಒಂದೆರಡು ಸುರುಳಿಗಳು ಬೇಯುತ್ತಿರುವುವು. ಅಂದಿನ ನೀರು ಸಿಕ್ಕಬಹುದು. ರಿವೈಂಡಿಂಗಿನ ಖರ್ಚು ಮುಂದೆ ಬರುವುದು.

ಬೇಸಗೆಯಲ್ಲಿ ವೋಲ್ಟೇಜು ಇಳಿಯುವುದೂ ಇದೇ ಜಾತಿಯ ಪೀಡೆ. ೪೧೫ ವೋಲ್ಟು ಇರಬೇಕಾದಲ್ಲಿ ೩೩೦ ಬಂದರೆ, ಅಷ್ಟೇ ನೀರನ್ನೆತ್ತುವುದಕ್ಕೆ ಮೋಟಾರು ಸುಮಾರು ಕಾಲುಭಾಗ ಹೆಚ್ಚು ಪ್ರವಾಹವನ್ನು ತೆಗೆದುಕೊಳ್ಳುವುದು. ರಿಲೇಯು ಸರಿಯಾಗಿದ್ದರೆ ಆಗ ಮೋಟಾರು ನಿಂತುಬಿಡುವುದು; ರೈತನು ರಿಲೇಯನ್ನು ಬೈದು ಚಕ್ರವನ್ನು ಮೇಲಕ್ಕೆ ತಿರುಗಿಸುವನು. ಸುರುಳಿಯ ಶಾಖವು ನಿಯಮಿತವಾದುದಕ್ಕಿಂತ ಹತ್ತು ಡಿಗ್ರಿ ಮೇಲೆ ನಿಂತರೆ ಅದರ ಹೊದಿಕೆಯ ಆಯುಸ್ಸು ಹೆಚ್ಚುಕಡಮೆ ಅರ್ಧವಾಗುವುದೆಂದು ಇಂಜಿನಿಯರುಗಳು ಲೆಕ್ಕ ಹಾಕುವರು.

ಮನೆಗಳಲ್ಲಿ ಫ್ಯೂಸಿಗೆ ಬದಲಾಗಿ ಎಂ.ಸಿ.ಬಿ. ಎಂಬ ಗುಂಡಿಗಳು ಬಂದಿವೆ. ೧೯೨೪ರಲ್ಲಿ ಜರ್ಮನಿಯ ಸ್ಟೋಟ್ಸ್ ಎಂಬವರು ಇದಕ್ಕೆ ಹಕ್ಕುಪತ್ರ ಪಡೆದರು. ಇದರಲ್ಲಿ ನಿಧಾನವಾದ ಅತಿಭಾರಕ್ಕೆ ಲೋಹದ ಪಟ್ಟಿಯೂ, ತಂತಿ ತಗಲಿದಾಗಿನ ಭಾರಿ ಪ್ರವಾಹಕ್ಕೆ ವಿದ್ಯುದಯಸ್ಕಾಂತವೂ ಒಟ್ಟಿಗೇ ಇರುವುವು. ದಪ್ಪ ತಂತಿ ಕಟ್ಟುವ ದುರಭ್ಯಾಸಕ್ಕೆ ಇದರಲ್ಲಿ ಅವಕಾಶವಿಲ್ಲದಿರುವುದೇ ಇದರ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ. ಕೊಳ್ಳುವಾಗ ದೀಪಗಳ ಸಾಲಿಗೆ ‘ಬಿ’ ವರ್ಗದ್ದನ್ನೂ, ಮೋಟಾರುಗಳಿಗೆ ‘ಸಿ’ ಅಥವಾ ‘ಡಿ’ ವರ್ಗದ್ದನ್ನೂ ಕೇಳಬೇಕು. ಇಲ್ಲವಾದರೆ ಮೋಟಾರು ಹೊರಟಾಗಲೆಲ್ಲ ಗುಂಡಿಯು ಬೀಳುವುದು.

ಇನ್ನು ಪ್ರಾಣದ ವಿಷಯ. ಫ್ಯೂಸು ಇದೆಯೆಂದು, ಎಂ.ಸಿ.ಬಿ. ಇದೆಯೆಂದು ಧೈರ್ಯವಾಗಿ ತಂತಿಯನ್ನು ಮುಟ್ಟುವವರಿದ್ದಾರೆ. ಇವೆರಡೂ ಮನುಷ್ಯನನ್ನು ಕಾಪಾಡತಕ್ಕ ಸಾಧನಗಳಲ್ಲ. ೨೩೦ ವೋಲ್ಟಿನ ತಂತಿಯನ್ನು ಒದ್ದೆ ಕಾಲಿನಲ್ಲಿ ನಿಂತು ಮುಟ್ಟಿದವನ ಮೈಯಲ್ಲಿ ಹರಿಯುವ ಪ್ರವಾಹವು ಕಾಲು ಆಂಪಿಯರೂ ಆಗಲಾರದು. ಆದರೆ ಒಂದು ಆಂಪಿಯರಿನ ಸಾವಿರದಲ್ಲಿ ಐವತ್ತು ಭಾಗವೇ ಗುಂಡಿಗೆಯನ್ನು ನಿಲ್ಲಿಸುವುದಕ್ಕೆ ಸಾಕಾಗಬಹುದು. ಹದಿನೈದು ಆಂಪಿಯರಿನ ಫ್ಯೂಸಿಗೆ ಆ ಸಂಗತಿಯ ಸುಳಿವೇ ಹತ್ತುವುದಿಲ್ಲ. ಮನೆಗೂ ಕೊಟ್ಟಿಗೆಗೂ ಭೂಮಿಗೆ ಸೋರುವ ೩೦ ಮಿಲ್ಲಿಆಂಪಿಯರಿಗೇ ಕಡಿದುಬೀಳುವ ಬೇರೊಂದು ಸಾಧನವಿದೆ, ಅದನ್ನು ಆರ್.ಸಿ.ಸಿ.ಬಿ. ಎನ್ನುವರು. ದನಕರುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರವು ಹೆಚ್ಚಾಗಿರುವುದರಿಂದ, ಹಸಿ ನೆಲದಲ್ಲಿ ಸೋರಿದ ವಿದ್ಯುತ್ತಿಗೆ ಮನುಷ್ಯನಿಗಿಂತ ಮೊದಲು ಅವುಗಳೇ ಬಲಿಯಾಗುವುವು. ಪಂಪುಮನೆಯ ತಗಡಿನ ಪೆಟ್ಟಿಗೆಗೂ ಮೋಟಾರಿನ ಮೈಗೂ ಅರ್ಥಿಂಗ್ ತಂತಿಯನ್ನು ಕಟ್ಟಿರಬೇಕು. ಅದರ ಗುಂಡಿಯಲ್ಲಿ ತೇವವಿರುವಂತೆ ಬೇಸಗೆಯಲ್ಲಿ ಆಗಾಗ್ಗೆ ನೀರು ಹೊಯ್ಯಬೇಕು.

ಫ್ಯೂಸು ತಂತಿಯನ್ನು ಬದಲಾಯಿಸುವಾಗ ಮೊದಲು ಮೆಯಿನ್ ಸ್ವಿಚ್ಚನ್ನು ತೆಗೆದು, ಟೆಸ್ಟರಿನಿಂದ ನೋಡಿ, ಒಣಗಿದ ಹಲಗೆಯ ಮೇಲೆ ನಿಂತು ಪಿಂಗಾಣಿಯ ಹಿಡಿಯನ್ನು ಕೀಳಬೇಕು. ಹಳೆಯ ತಂತಿಯ ಕರಿಯನ್ನು ಒರಸಬೇಕು. ಹೊಸ ತಂತಿಯನ್ನು ಸ್ಕ್ರೂ ತಿರುಗುವ ಕಡೆಗೇ ಸುತ್ತಬೇಕು. ಬಹಳ ಬಿಗಿದು ಎಳೆಯಬಾರದು, ಎಳೆದರೆ ಮಧ್ಯದಲ್ಲಿ ಸಣ್ಣಗಾಗಿ ಕಾಲಕ್ಕೆ ಮೊದಲೇ ಸುಡುವುದು. ಎರಡು ಸಲ ಹಾಕಿದರೂ ಸುಟ್ಟರೆ ಮೂರನೆಯ ಸಲ ಹಾಕಕೂಡದು, ದೋಷವನ್ನು ಹುಡುಕಿಸಬೇಕು. ಇದೆಲ್ಲ ನಿಮ್ಮ ಪಂಪುಮನೆಯೊಳಗಿನ ಮಾತು. ಟಿ.ಸಿ.ಯ ಕಂಬಕ್ಕೆ ಮಾತ್ರ ಯಾರೂ ಹತ್ತತಕ್ಕದ್ದಲ್ಲ. ಅದರ ಮೇಲಿನ ಸಾಲಿನಲ್ಲಿರುವುದು ೧೧,೦೦೦ ವೋಲ್ಟು. ಅದನ್ನು ಮುಟ್ಟಬೇಕಾಗಿಯೂ ಇಲ್ಲ, ಸಮೀಪಕ್ಕೆ ಕೈ ಒಯ್ದರೂ ಸಾಕು. “ಕರೆಂಟು ಹೋಗಿದೆ, ಲೈನ್‌ಮನ್ ಬರುವುದು ತಡವಾಗುತ್ತದೆ” ಎಂದು ಹತ್ತಿದ ಇಪ್ಪತ್ತರ ಹರೆಯದ ಹುಡುಗನೊಬ್ಬನನ್ನು ಕೆಳಗಿಳಿಸಿದ ಊರಿಗೆ ನಾನು ಹೋಗಿದ್ದೇನೆ. ಅವನ ತಂದೆಯ ಹೆಸರಿನಲ್ಲಿದ್ದುದು ಒಂದೂವರೆ ಎಕರೆ. ಊರಿನ ಯಜಮಾನರಾದವರು ಹುಡುಗರನ್ನು ಈ ಕೆಲಸಕ್ಕೆ ಹುರಿದುಂಬಿಸದೆ ಇದ್ದರೆ, ಹಾಗೂ ಲೈನ್‌ಮನ್ನನ ದೂರವಾಣಿಯ ಸಂಖ್ಯೆಯನ್ನು ಪಂಪುಮನೆಯ ಗೋಡೆಯ ಮೇಲೆ ಬರೆಯಿಸಿದರೆ ಬಹಳ ಉಪಕಾರವಾದೀತು.

ಮೊದಲು ಹೇಳಿದ ಗ್ರಾಮದವರು ಆ ಬೇಸಗೆ ಮುಗಿಯುವುದರೊಳಗಾಗಿ ಏಳು ಮೋಟಾರುಗಳ ಅಶ್ವಶಕ್ತಿಯನ್ನೂ ಮರೆಮಾಚದೆ ಬರೆದು ಅರ್ಜಿ ಕೊಟ್ಟರು. ಕೆಲವು ತಿಂಗಳಾದ ಮೇಲೆ ೬೩ ಕೆ.ವಿ.ಎ. ಟಿ.ಸಿ. ಬಂದಿತು, ಅದರ ಕೆಳಸಾಲು ೮೪ ಆಂಪಿಯರನ್ನು ಕೊಡಬಲ್ಲುದು. ಪೆಟ್ಟಿಗೆಗೆ ಬಾಗಿಲೂ ಬೀಗವೂ ಬಂದವು. ಆಟೋ ಸ್ಟಾರ್ಟರನ್ನು ತೆಗೆಯಿಸಲು ಐವರು ಒಪ್ಪಿದರು; ಕರೆಂಟು ಬಂದ ಮೇಲೆ ಯಾರ ಪಂಪು ಮೊದಲು, ಯಾರದು ಆಮೇಲೆ ಎಂಬುದನ್ನು ಚೀಟಿಯೆತ್ತಿ ಗೊತ್ತುಮಾಡಿಕೊಂಡಿದ್ದಾರೆ. ಉಳಿದ ಇಬ್ಬರು ಆಟೋ ಸ್ಟಾರ್ಟರನ್ನು ಇಟ್ಟುಕೊಂಡೇ ಇದ್ದಾರೆ. ಹೊರಡುವುದನ್ನು ಕೆಲವು ನಿಮಿಷ ತಡಮಾಡುವ ಟೈಮರನ್ನು ಅದಕ್ಕೆ ಸೇರಿಸಿಕೊಳ್ಳಿರೆಂದು ಎರಡು ಸಲ ಹೇಳಿ ಬಂದಿದ್ದೇನೆ. ಈ ಪತ್ರಿಕೆಯು ಅವರ ಕೈಗೂ ಸೇರುವುದು.